ತಲೆಗೆ ಬಿದ್ದ ಪೆಟ್ಟು: ಏಳು ದಿನ ಸರ್ಕಾರದ ಹಣ, ಆಮೇಲೆ ಯಾರ ಹೊಣೆ?

ಕಮ್ಮನಹಳ್ಳಿ ಮುಖ್ಯರಸ್ತೆಯ ವ್ಯಾಪಾರವು ಬಹುಮಟ್ಟಿಗೆ ದ್ವಿಚಕ್ರ ವಾಹನಗಳನ್ನೇ ಅವಲಂಬಿಸಿದೆ. ಬಟ್ಟೆ ಅಂಗಡಿ, ಬೇಕರಿ, ಔಷಧಿ ಅಂಗಡಿ, ಹೋಟೆಲುಗಳ ನೌಕರರು ಹೆಣ್ಣೂರು, ಲಿಂಗರಾಜಪುರ, ರಾಮಮೂರ್ತಿನಗರಗಳಿಂದ ಬೈಕು, ಸ್ಕೂಟರುಗಳಲ್ಲಿ ಬರುತ್ತಾರೆ. ಸರಕು ತಲುಪಿಸುವ ಹುಡುಗರು ಹೊರವರ್ತುಲ ರಸ್ತೆಯನ್ನು ದಿನಕ್ಕೆ ಹಲವು ಬಾರಿ ದಾಟುತ್ತಾರೆ. ಹೋಟೆಲುಗಳ ಕೆಲಸಗಾರರು ಮನೆಗೆ ಹೊರಡುವುದು ರಸ್ತೆ ಬರಿದಾಗಿ, ವಾಹನಗಳ ವೇಗ ಹೆಚ್ಚಿದ ರಾತ್ರಿಯ ಹೊತ್ತಿನಲ್ಲಿ. ಹೀಗಾಗಿ ಅಪಘಾತದಲ್ಲಿ ತಲೆಗೆ ಬೀಳುವ ಪೆಟ್ಟು ಆಸ್ಪತ್ರೆಗಳಿಗೆ ಮಾತ್ರ ಸೇರಿದ ವಿಷಯವಲ್ಲ, ಅಂಗಡಿಯ ಹಾಜರಿ ಪುಸ್ತಕಕ್ಕೂ ಸಂಬಂಧಿಸಿದ್ದು.

ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಮೃತಪಟ್ಟರು. ಅವರಲ್ಲಿ 50,029 ಮಂದಿ ಹೆಲ್ಮೆಟ್ ಧರಿಸಿರಲಿಲ್ಲ. ಇವರ ಪೈಕಿ 14,337 ಮಂದಿ ಹಿಂಬದಿ ಸವಾರರು. ಬದುಕಿ ಉಳಿದು, ನೆನಪು, ಮಾತು ಅಥವಾ ಕೈಕಾಲಿನ ಸ್ವಾಧೀನ ಕಳೆದುಕೊಂಡವರು ಈ ಲೆಕ್ಕಕ್ಕೆ ಸೇರಿಲ್ಲ.

ಮಿದುಳಿನ ಪೆಟ್ಟು ಎರಡು ಹಂತಗಳಲ್ಲಿ ಹಾನಿ ಮಾಡುತ್ತದೆ. ಬಿದ್ದ ಕ್ಷಣದ ಹಾನಿಯನ್ನು ಯಾವ ವೈದ್ಯರೂ ಹಿಂತೆಗೆಯಲಾರರು. ಅನಂತರದ ಗಂಟೆಗಳಲ್ಲಿ ಆಮ್ಲಜನಕದ ಕೊರತೆ, ರಕ್ತದೊತ್ತಡದ ಕುಸಿತ, ತಲೆಬುರುಡೆಯೊಳಗಿನ ರಕ್ತಸ್ರಾವ ಮತ್ತು ಬಾವುಗಳಿಂದ ಆಗುವ ಎರಡನೆಯ ಹಾನಿಯನ್ನು ಬಹಳಷ್ಟು ತಡೆಯಬಹುದು. ಕೆಲವು ಪ್ರಕರಣಗಳಲ್ಲಿ ಬಿದ್ದವನು ಎದ್ದು ಮೈ ಕೊಡವಿಕೊಂಡು "ಏನೂ ಆಗಿಲ್ಲ" ಎಂದು ಮನೆಗೆ ನಡೆಯುತ್ತಾನೆ. ಒಳಗೆ ರಕ್ತ ಹೆಪ್ಪುಗಟ್ಟಿ ಕೆಲವು ಗಂಟೆಗಳ ಬಳಿಕ ಪ್ರಜ್ಞೆ ತಪ್ಪುತ್ತದೆ. ತಲೆಗೆ ಪೆಟ್ಟಾದ ನೌಕರನನ್ನು ರಜೆ ಕೊಟ್ಟು ಮನೆಗೆ ಕಳುಹಿಸುವುದಕ್ಕಿಂತ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಒಯ್ಯುವುದು ಕ್ಷೇಮ. ಹೊಸೂರು ರಸ್ತೆಯ ನಿಮ್ಹಾನ್ಸ್ ಕಮ್ಮನಹಳ್ಳಿಯಿಂದ ಹತ್ತು ಕಿಲೋಮೀಟರಿಗೂ ಹೆಚ್ಚು ದೂರ. ಸಂಜೆಯ ವಾಹನ ದಟ್ಟಣೆಯಲ್ಲಿ ಆ ದೂರಕ್ಕೆ ಎಷ್ಟು ಹೊತ್ತು ಬೇಕೆಂಬುದು ಈ ಭಾಗದ ವರ್ತಕರಿಗೆ ಹೇಳಬೇಕಾದದ್ದಲ್ಲ.

ಅಮೆರಿಕದಲ್ಲಿ ಈ ವಿಷಯಕ್ಕೆಂದೇ 1996ರಲ್ಲಿ ಪ್ರತ್ಯೇಕ ಕಾಯ್ದೆಯಾಯಿತು. ಅಪಘಾತ ತಡೆ, ಸಂಶೋಧನೆ, ರಾಜ್ಯಗಳ ಪುನರ್ವಸತಿ ಸೇವೆ ಎಂಬ ಬಾಬುಗಳಿಗೆ ಅದರಡಿ ಹಣ ಹಂಚಲಾಯಿತು. 2008ರಲ್ಲಿಯೂ ಅನಂತರವೂ ಅದನ್ನು ನವೀಕರಿಸಲಾಯಿತು. ಭಾರತದಲ್ಲಿ ಅಂತಹ ಒಂದೇ ಕಾಯ್ದೆಯಿಲ್ಲ. ಇಲ್ಲಿನ ಹಣ ಮತ್ತು ಹೊಣೆ ಹಲವು ಕಾನೂನುಗಳಲ್ಲಿ ಚದುರಿಹೋಗಿವೆ.

ಚಿಕಿತ್ಸೆಯ ವೆಚ್ಚದ ವಿಷಯದಲ್ಲಿ ಕರ್ನಾಟಕ ಮೊದಲೇ ಹೆಜ್ಜೆ ಇಟ್ಟಿತು. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಅಪಘಾತಕ್ಕೀಡಾಗಿ, ಸಾಯುವ ಮುನ್ನ ಅಂಗಾಂಗ ದಾನಕ್ಕೆ ಕೋರಿದ ಹರೀಶ್ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ಅದೇ ವರ್ಷ ಸಾಂತ್ವನ ಯೋಜನೆಯನ್ನು ತಂದಿತು. ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿವರೆಗೆ ಸರ್ಕಾರವೇ ಭರಿಸುವುದು ಅದರ ಸಾರ. ಕೇಂದ್ರದಲ್ಲಿ 2019ರ ಮೋಟಾರು ವಾಹನ ತಿದ್ದುಪಡಿಯು 162ನೇ ಪ್ರಕರಣದಲ್ಲಿ ನಗದುರಹಿತ ಚಿಕಿತ್ಸೆಯನ್ನು ವಿಧಿಸಿತ್ತಾದರೂ, ಸರ್ವೋಚ್ಚ ನ್ಯಾಯಾಲಯ 2025ರ ಜನವರಿಯಲ್ಲಿ ಗಡುವು ವಿಧಿಸಿದ ಬಳಿಕವೇ ಯೋಜನೆ ರೂಪುಗೊಂಡಿತು. ಅದೇ ವರ್ಷದ ಮೇ 5ರ ಅಧಿಸೂಚನೆಯಂತೆ ಪ್ರತಿ ಗಾಯಾಳುವಿಗೆ 1.5 ಲಕ್ಷ ರೂಪಾಯಿವರೆಗೆ, ಅಪಘಾತದ ದಿನದಿಂದ ಗರಿಷ್ಠ ಏಳು ದಿನ, ನಿಗದಿತ ಆಸ್ಪತ್ರೆಗಳಲ್ಲಿ ಚಿಕಿತ್ಸೆ ದೊರೆಯುತ್ತದೆ. ನಿಗದಿತವಲ್ಲದ ಆಸ್ಪತ್ರೆಯಲ್ಲಿ ಸಿಗುವುದು ಪ್ರಾಣಾಪಾಯ ತಪ್ಪಿಸುವಷ್ಟು ತುರ್ತು ಚಿಕಿತ್ಸೆ ಮಾತ್ರ.

ಮೂಳೆ ಮುರಿತದ ಗಾಯಾಳುವಿಗೆ ಏಳು ದಿನ ಸಾಕಾದೀತು. ಮಿದುಳಿಗೆ ತೀವ್ರ ಪೆಟ್ಟಾದವನು ಏಳನೆಯ ದಿನವೂ ತೀವ್ರ ನಿಗಾ ಘಟಕದಲ್ಲಿರುವ ಸಂಭವವಿದೆ; ಅನಂತರ ನಡೆಯಲು, ಲೆಕ್ಕ ಮಾಡಲು, ಗಿರಾಕಿಯ ಮುಖ ನೆನಪಿಡಲು ಕಲಿಯುವುದಕ್ಕೆ ತಿಂಗಳುಗಳೇ ಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ. ಮಿದುಳಿನ ಪೆಟ್ಟು ಅದರಲ್ಲಿ ಪ್ರತ್ಯೇಕವಾಗಿ ನಮೂದಾಗಿಲ್ಲ. ಕಾನೂನಿನ ದೊಡ್ಡ ಕೊರತೆಯಿರುವುದು ಇಲ್ಲಿಯೇ. ಈ ಕೊರತೆಯನ್ನು ಸದ್ಯಕ್ಕೆ ಸ್ವಲ್ಪಮಟ್ಟಿಗಾದರೂ ತುಂಬಬಲ್ಲದ್ದು ಕಾರ್ಮಿಕ ವಿಮೆ, ಅದು ಮಾಲೀಕರ ಕೈಯಲ್ಲಿದೆ.

ಅದಕ್ಕೆ ಮೊದಲು ಹೆಲ್ಮೆಟ್ ಮಾರಾಟಗಾರರಿಗೆ ಒಂದು ಮಾತು. ಬೆಂಗಳೂರಿನಲ್ಲಿ ಸವಾರನಿಗೆ 2006ರ ನವೆಂಬರಿನಿಂದಲೂ, ರಾಜ್ಯದಲ್ಲಿ ಹಿಂಬದಿ ಸವಾರನಿಗೆ 2016ರ ಜನವರಿಯಿಂದಲೂ ಹೆಲ್ಮೆಟ್ ಕಡ್ಡಾಯ. 2021ರ ಜೂನ್ 1ರಿಂದ ಐ.ಎಸ್.ಐ. ಗುರುತಿಲ್ಲದ ಹೆಲ್ಮೆಟ್ಟಿನ ತಯಾರಿಕೆಯೂ ಮಾರಾಟವೂ ನಿಷಿದ್ಧ. ಪಾಲಿಸಬೇಕಾದ ಮಾನಕ ಐ.ಎಸ್. 4151. ಪೊಲೀಸರ ಕಣ್ಣು ತಪ್ಪಿಸಲೆಂದೇ ಕೊಳ್ಳುವ ಪಾದಚಾರಿ ಮಾರ್ಗದ ಅರ್ಧ ಟೋಪಿ ದಂಡವನ್ನು ಉಳಿಸೀತು, ತಲೆಯನ್ನಲ್ಲ. ಪೆಟ್ಟಿನ ಬಲವನ್ನು ಹೀರುವುದು ಹೊರಗಿನ ಹೊಳಪಿನ ಚಿಪ್ಪಿಗಿಂತ ಒಳಗಿನ ಥರ್ಮೋಕೋಲ್ ಪದರ. ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ಟಿನಲ್ಲಿ ಆ ಪದರ ಕುಸಿದಿರುವುದರಿಂದ ಅದನ್ನು ಬದಲಿಸಲೇಬೇಕು. ಹಲವು ದೇಶಗಳ ಅಧ್ಯಯನಗಳನ್ನು ಕ್ರೋಡೀಕರಿಸಿದ 2008ರ ಕಾಕ್ರೇನ್ ಪರಾಮರ್ಶೆಯ ಪ್ರಕಾರ ಹೆಲ್ಮೆಟ್ ಧರಿಸಿದವರಲ್ಲಿ ತಲೆಗೆ ಗಾಯವಾಗುವ ಅಪಾಯ ಶೇ. 69ರಷ್ಟು ಕಡಿಮೆ. ಸರಕು ಸಾಗಿಸುವ ಹುಡುಗರಿಗೆ ಸಮವಸ್ತ್ರ ಕೊಡಿಸುವ ಮಾಲೀಕರು ಅದರೊಂದಿಗೆ ಒಳ್ಳೆಯ ಹೆಲ್ಮೆಟ್ ಕೊಡಿಸದಿರುವುದು ವಿಚಿತ್ರ.

ಇನ್ನು ವಿಮೆ. ನೌಕರನು ಮನೆಯಿಂದ ಕೆಲಸಕ್ಕೆ ಬರುವಾಗ, ಕೆಲಸ ಮುಗಿಸಿ ಹಿಂತಿರುಗುವಾಗ ಆದ ಅಪಘಾತ ಉದ್ಯೋಗಕ್ಕೆ ಸೇರಿದ್ದೇ ಎಂಬ ವಿವಾದ ಬಹುಕಾಲ ನಡೆದಿತ್ತು. ಇ.ಎಸ್.ಐ. ಕಾಯ್ದೆಗೆ 2010ರಲ್ಲಿ ತಿದ್ದುಪಡಿ ತಂದು, ಅಪಘಾತಕ್ಕೂ ಉದ್ಯೋಗಕ್ಕೂ ಸಂಬಂಧ ಕಂಡುಬಂದಲ್ಲಿ ಅದು ಸೇರುತ್ತದೆ ಎಂದು ಹೇಳಲಾಯಿತು. 2025ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ನೌಕರರ ಪರಿಹಾರ ಕಾಯ್ದೆಗೂ ಇದೇ ಅರ್ಥ ನೀಡಿತು. ಆ ವರ್ಷದ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನೇ ಅನುಸರಿಸಿದೆ. ರಾತ್ರಿ ಬಾಗಿಲು ಹಾಕಿ ಮನೆಗೆ ಹೊರಟ ಹೋಟೆಲ್ ನೌಕರ ದಾರಿಯಲ್ಲಿ ಬಿದ್ದರೆ "ಅದು ಅಂಗಡಿಯ ಹೊರಗೆ ಆದದ್ದು" ಎಂಬ ಮಾತು ಇನ್ನು ನಿಲ್ಲುವುದು ಕಷ್ಟ.

ಹತ್ತು ಅಥವಾ ಹೆಚ್ಚು ನೌಕರರುಳ್ಳ ಸಂಸ್ಥೆ ಇ.ಎಸ್.ಐ. ವ್ಯಾಪ್ತಿಗೆ ಬರುತ್ತದೆ. 2019ರ ಜುಲೈನಲ್ಲಿ ವಂತಿಗೆಯನ್ನು ಮಾಲೀಕರಿಗೆ ವೇತನದ ಶೇ. 3.25, ನೌಕರನಿಗೆ ಶೇ. 0.75 ಎಂದು ಇಳಿಸಲಾಯಿತು. ಉದ್ಯೋಗದ ಗಾಯಕ್ಕೆ ಏಳು ದಿನಗಳ ಮಿತಿ ಅಲ್ಲಿಲ್ಲ: ಚಿಕಿತ್ಸೆ ಮುಂದುವರಿಯುತ್ತದೆ, ಕೆಲಸ ಮಾಡಲಾಗದ ಅವಧಿಗೆ ಸರಾಸರಿ ವೇತನದ ಶೇ. 90ರಷ್ಟು ಭತ್ಯೆ ಬರುತ್ತದೆ, ಶಾಶ್ವತ ವೈಕಲ್ಯಕ್ಕೆ ಮಾಸಿಕ ಪಾವತಿಯಿದೆ. ಕಮ್ಮನಹಳ್ಳಿಯವರಿಗೆ ಹತ್ತಿರದ್ದು ಇಂದಿರಾನಗರದ ಇ.ಎಸ್.ಐ. ಆಸ್ಪತ್ರೆ. ಆದರೆ ನೌಕರನ ಹೆಸರು ನೋಂದಾಯಿತವಾಗಿರಬೇಕು. "ಮೂರು ತಿಂಗಳು ಕೆಲಸ ನೋಡಿ ಹೆಸರು ಸೇರಿಸೋಣ" ಎಂದು ತಡೆಹಿಡಿಯುವ ರೂಢಿ ಸಣ್ಣ ಉದ್ದಿಮೆಗಳಲ್ಲಿದೆ. ಆ ಮೂರು ತಿಂಗಳಲ್ಲಿ ಅಪಘಾತವಾದರೆ ಉಳಿತಾಯವಾದ ವಂತಿಗೆಯ ನೂರಾರು ಪಟ್ಟು ಹೊರೆ ಮಾಲೀಕನ ಮೇಲೆ ಬರಬಹುದು.

ಹತ್ತಕ್ಕಿಂತ ಕಡಿಮೆ ನೌಕರರುಳ್ಳ ಅಂಗಡಿಗಳಿಗೆ ಪರಿಹಾರದ ಹೊಣೆ ನೇರವಾಗಿ ಮಾಲೀಕನದು. ಪೂರ್ಣ ಶಾಶ್ವತ ವೈಕಲ್ಯಕ್ಕೆ ಮಾಸಿಕ ವೇತನದ ಶೇ. 60ನ್ನು ವಯಸ್ಸಿನ ಗುಣಕದಿಂದ ಗುಣಿಸಿ ಮೊತ್ತ ನಿರ್ಧರಿಸಲಾಗುತ್ತದೆ. ಚಿಕ್ಕ ವಯಸ್ಸಿನವನಿಗೆ ಗುಣಕವೂ ದೊಡ್ಡದು. ಸಾಮಾನ್ಯ ವಿಮಾ ಕಂಪನಿಗಳ ನೌಕರರ ಪರಿಹಾರ ಪಾಲಿಸಿ ಇದಕ್ಕೆಂದೇ ಇದೆ. ಕಂತು ಘೋಷಿತ ವೇತನದ ಮೇಲೆ ನಿಗದಿಯಾಗುವುದರಿಂದ ವೇತನವನ್ನು ಕಡಿಮೆ ತೋರಿಸುವ ಆಸೆ ಸಹಜ. ಹಾಗೆ ಮಾಡಿದಲ್ಲಿ ವ್ಯತ್ಯಾಸದ ಮೊತ್ತವನ್ನು ಮಾಲೀಕನೇ ಕೊಡಬೇಕಾದೀತು. ಪಾಲಿಸಿ ನವೀಕರಿಸುವಾಗ ಹೊಸ ನೌಕರರ ಹೆಸರು, ಸರಕು ಸಾಗಿಸಲು ವಾಹನ ಓಡಿಸುವವರ ಕೆಲಸದ ವಿವರ ಎರಡೂ ಅದರಲ್ಲಿ ಸೇರಿವೆಯೇ ಎಂದು ನೋಡಿಕೊಳ್ಳತಕ್ಕದ್ದು.