ಮುಂಗಡ ಕೊಡುವ ಮುನ್ನ ವ್ಯಾಪಾರಿಯ ನಾಡಿ ನೋಡಿ



ಹಸು ಕೊಳ್ಳುವಾಗ ನಾವು ಹಲ್ಲು ನೋಡುತ್ತೇವೆ, ಕೆಚ್ಚಲು ಮುಟ್ಟಿ ನೋಡುತ್ತೇವೆ, ಎಷ್ಟನೆಯ ಕರು ಎಂದು ಕೇಳುತ್ತೇವೆ. ಆದರೆ ಅಡಿಕೆ ಸಸಿಗೋ, ಹನಿ ನೀರಾವರಿಗೋ, ಮೈಲುತುತ್ತಿಗೋ ಸಾವಿರಾರು ರೂಪಾಯಿ ಮುಂಗಡ ಕೊಡುವಾಗ, ಹಣ ಪಡೆಯುವವರ ಸ್ಥಿತಿ ಹೇಗಿದೆ ಎಂದು ವಿಚಾರಿಸುವುದಿಲ್ಲ. "ಪರಿಚಯದವರು" ಎಂಬ ಒಂದು ಮಾತೇ ಸಾಕೆನಿಸುತ್ತದೆ. ಪರಿಚಯದವರು ಪ್ರಾಮಾಣಿಕರೇ ಇರಬಹುದು. ಆದರೆ ಪ್ರಾಮಾಣಿಕರೂ ಸಾಲದಲ್ಲಿ ಮುಳುಗುತ್ತಾರೆ. ಆಗ ಅವರೊಂದಿಗೆ ನಮ್ಮ ಹಣವೂ ಮುಳುಗುತ್ತದೆ.

ಮುಂಗಡ ಎಂದರೆ ನಾವು ವ್ಯಾಪಾರಿಗೆ ಕೊಡುವ ಬಡ್ಡಿಯಿಲ್ಲದ, ಜಾಮೀನಿಲ್ಲದ ಸಾಲ. ಬ್ಯಾಂಕು ಅದೇ ವ್ಯಾಪಾರಿಗೆ ಸಾಲ ಕೊಡುವಾಗ ಕಟ್ಟಡವನ್ನೋ ದಾಸ್ತಾನನ್ನೋ ಅಡವು ಬರೆಸಿಕೊಳ್ಳುತ್ತದೆ. ಅಂಗಡಿ ಮುಚ್ಚಿದ ದಿನ ಅಡವು ಇರುವವರ ಪಾಲು ಮೊದಲು. ಚೀಟಿ ಮಾತ್ರ ಕೈಯಲ್ಲಿರುವ ನಾವು ಸಾಲಿನ ಕೊನೆಯಲ್ಲಿ ನಿಲ್ಲಬೇಕಾಗುತ್ತದೆ. ಅನೇಕ ಸಲ ಆ ಮುಂಗಡವೂ ನಾವು ಚಿನ್ನ ಅಡವಿಟ್ಟು ತಂದ ಹಣವಾಗಿರುತ್ತದೆ ಎಂಬುದನ್ನು ಮರೆಯಬಾರದು.

ನಷ್ಟ ಹಣದ್ದು ಮಾತ್ರವಲ್ಲ

ನಮ್ಮ ಕಾಸರಗೋಡು, ಮಂಜೇಶ್ವರ ಕಡೆಯ ತೋಟಗಳಲ್ಲಿ ಮಳೆಗಾಲ ಹಿಡಿಯುವ ಮುಂಚೆ ಅಡಿಕೆ ಗೊನೆಗಳಿಗೆ ಬೋರ್ಡೋ ದ್ರಾವಣ ಸಿಂಪಡಿಸಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ಎಲ್ಲರಿಗೂ ಗೊತ್ತು. ಸುಮಾರು 40-45 ದಿನಗಳ ಬಳಿಕ ಎರಡನೆಯ ಸಿಂಪಡಣೆ. ಮಾರ್ಚ್‌ನಲ್ಲಿ ಹಣ ಪಡೆದ ವ್ಯಾಪಾರಿ ಮೇ ಕೊನೆಯಲ್ಲಿ "ಲೋಡು ಬಂದಿಲ್ಲ" ಎಂದು ಕೈಚೆಲ್ಲಿದರೆ, ಜುಲೈಯಲ್ಲಿ ಕೊಳೆರೋಗ ಅದಕ್ಕೆ ಉತ್ತರ ಹೇಳುತ್ತದೆ. ಸಸಿಯ ವಿಷಯವೂ ಹಾಗೆಯೇ. ನೆಡುವ ಕಾಲ ತಪ್ಪಿದರೆ ಒಂದು ವರ್ಷ ಹೋಯಿತು. ಆ ಗಿಡ ಫಸಲು ಕೊಡುವುದೂ ಒಂದು ವರ್ಷ ಹಿಂದೆ ಬಿತ್ತು.

ಪೂರೈಸುವವರು ಒಬ್ಬರೇ ಆಗಿದ್ದರೆ ಅಪಾಯ ಇನ್ನೂ ಹೆಚ್ಚು. ನೆರೆಯ ತಮಿಳುನಾಡಿನ ಈರೋಡು ಜಿಲ್ಲೆಯ ಪೆರುಂದುರೈಯಲ್ಲಿ ಒಂದು ಈಮು ಕಂಪನಿ ರೈತರಿಂದ ಠೇವಣಿ ಪಡೆದು ಮರಿಗಳನ್ನೂ ಮೇವನ್ನೂ ತಾನೇ ಒದಗಿಸುತ್ತಿತ್ತು. ಸಾಕಿದ್ದಕ್ಕೆ ತಿಂಗಳು ತಿಂಗಳು ಹಣ ಕೊಡುವುದಾಗಿಯೂ ಹೇಳಿತ್ತು. 2012ರಲ್ಲಿ ಅದು ಕುಸಿಯಿತು. ಠೇವಣಿ ಹೋದದ್ದು ಒಂದು ಕಡೆ. ಶೆಡ್ಡಿನಲ್ಲಿದ್ದ ಹಕ್ಕಿಗಳಿಗೆ ಮೇವಿಲ್ಲದೆ, ಕೊನೆಗೆ ಸರಕಾರದ ಪಶುಸಂಗೋಪನಾ ಇಲಾಖೆಯೇ ಮೇವಿನ ವ್ಯವಸ್ಥೆಗೆ ಇಳಿಯಬೇಕಾಯಿತು. ತಿಂಗಳು ತಿಂಗಳು ಹಣ ಬರುತ್ತಿದ್ದಾಗ, "ಈ ಮಾಂಸವನ್ನು ಕೊಳ್ಳುವವರು ಯಾರು? ಕಂಪನಿಗೆ ಆದಾಯ ಎಲ್ಲಿಂದ?" ಎಂದು ಕೇಳಿದವರು ವಿರಳ.

ಗಮನಿಸಬೇಕಾದ ಲಕ್ಷಣಗಳು

ಜ್ವರ ಬರುವ ಮುಂಚೆ ಮೈಕೈ ನೋವು ಬರುವಂತೆ, ವ್ಯಾಪಾರ ಬೀಳುವ ಮುಂಚೆಯೂ ಲಕ್ಷಣಗಳು ಕಾಣಿಸುತ್ತವೆ.

1. ಹಿಂದೆ ತಿಂಗಳ ಕಡ ಕೊಡುತ್ತಿದ್ದವರು ಈಗ ಪೂರ್ತಿ ಹಣ ಮೊದಲೇ ಕೇಳುವುದು. ಅದಕ್ಕಾಗಿ ಮಾರುಕಟ್ಟೆಯಲ್ಲಿ ಎಲ್ಲೂ ಇಲ್ಲದ ರಿಯಾಯಿತಿ ತೋರಿಸುವುದು.

2. ಅಂಗಡಿಯ ಕಪಾಟುಗಳು ಖಾಲಿಯಾಗುತ್ತಾ ಬರುವುದು. ಕೇಳಿದ್ದಕ್ಕೆಲ್ಲ "ನಾಳೆ ಬರುತ್ತದೆ" ಎನ್ನುವುದು.

3. ಸಗಟು ವ್ಯಾಪಾರಿಯ ಲಾರಿ ರೊಕ್ಕ ಎಣಿಸಿಕೊಂಡೇ ಸರಕು ಇಳಿಸುವುದು. ನಮಗಿಂತ ಹೆಚ್ಚು ತಿಳಿದವರು ನಂಬಿಕೆ ಕಳೆದುಕೊಂಡಿದ್ದಾರೆ ಎಂದರ್ಥ.

4. ಹಳೆಯ ಕೆಲಸದವರು ಒಬ್ಬೊಬ್ಬರಾಗಿ ಬಿಡುವುದು, ಸಂಬಳ ತಡವಾಗುವುದು, ಚೆಕ್ಕು ವಾಪಸಾಗುವುದು.

5. ಅಂಗಡಿಯ ಖಾತೆ ಬಿಟ್ಟು ಬೇರೆ ಯಾರದೋ ಹೆಸರಿನ ಖಾತೆಗೆ ಹಣ ಹಾಕಲು ಹೇಳುವುದು.

ಒಂದೇ ಲಕ್ಷಣ ಕಂಡರೆ ಗಾಬರಿಯಾಗಬೇಕಿಲ್ಲ. ಮಳೆಗೆ ಲಾರಿ ತಡವಾಗಬಹುದು, ಮನೆಯಲ್ಲಿ ಕಾಯಿಲೆ ಇರಬಹುದು. ಎರಡು ಮೂರು ಒಟ್ಟಿಗೆ ಕಂಡರೆ ಮುಂಗಡ ನಿಲ್ಲಿಸಿ, ಸರಕು ಸಿಕ್ಕ ಮೇಲೆ ಹಣ ಕೊಡಿ.

ದಾಖಲೆ ನೋಡುವ ಬಗೆ

ಗೊಬ್ಬರ ಮತ್ತು ಕೀಟನಾಶಕ ಮಾರುವವರಿಗೆ ಪರವಾನಗಿ ಬೇಕು. ಅದರ ಅವಧಿ ಮುಗಿದಿಲ್ಲವೇ ಎಂದು ನೋಡಿ. ಸಂಶಯವಿದ್ದರೆ ಕೃಷಿ ಭವನದಲ್ಲಿ ವಿಚಾರಿಸಿ. ಬಿಲ್ಲಿನ ಮೇಲೆ 15 ಅಕ್ಷರ-ಅಂಕಿಗಳ ಜಿ.ಎಸ್.ಟಿ. ಸಂಖ್ಯೆ ಇರುತ್ತದೆ. ಕೇರಳದವರದ್ದು 32ರಿಂದ, ಪುತ್ತೂರು ಮಂಗಳೂರು ಕಡೆಯವರದ್ದು 29ರಿಂದ ಆರಂಭವಾಗುತ್ತದೆ. ಜಿ.ಎಸ್.ಟಿ. ಜಾಲತಾಣದಲ್ಲಿ ಆ ಸಂಖ್ಯೆ ಹಾಕಿದರೆ ನೋಂದಣಿ ಚಾಲ್ತಿಯಲ್ಲಿದೆಯೇ, ರದ್ದಾಗಿದೆಯೇ, ಲೆಕ್ಕಪತ್ರ ಸಲ್ಲಿಸುತ್ತಿದ್ದಾರೆಯೇ ಎಂಬುದು ತಿಳಿಯುತ್ತದೆ. ಮನೆಯ ಮಕ್ಕಳಿಗೆ ಇದು ಐದು ನಿಮಿಷದ ಕೆಲಸ. ಅಕ್ಷಯ ಕೇಂದ್ರದಲ್ಲೂ ಕೇಳಿ ನೋಡಬಹುದು. ತಿಂಗಳುಗಟ್ಟಲೆ ಲೆಕ್ಕ ಸಲ್ಲಿಸದಿರುವುದು ಕೈ ಬಿಗಿಯಾಗಿರುವುದರ ಗುರುತಾಗಿರಬಹುದು. ಆದರೆ ಸಸಿಗಳಿಗೆ ಈ ತೆರಿಗೆ ಇಲ್ಲದ್ದರಿಂದ ನರ್ಸರಿಯವರ ಬಳಿ ಸಂಖ್ಯೆ ಇಲ್ಲದಿದ್ದರೆ ಅದು ದೋಷವಲ್ಲ.

ನರ್ಸರಿಗೆ ಬೇರೆ ಪರೀಕ್ಷೆಯಿದೆ. ಖುದ್ದಾಗಿ ಹೋಗಿ ಸಸಿಗಳನ್ನು ನೋಡಿ. ಒಂಬತ್ತಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 540 ಅಡಿಕೆ ಸಸಿ ಬೇಕು. ಹತ್ತು ಮಂದಿ ಎಕರೆಗೊಬ್ಬರಂತೆ ಬುಕ್ ಮಾಡಿದ್ದು, ಅಲ್ಲಿ ಮೂರು ಸಾವಿರ ತೊಟ್ಟೆಗಳು ಮಾತ್ರ ಇದ್ದರೆ ಉಳಿದವು ಎಲ್ಲಿಂದ ಬರಬೇಕು? ಈ ಪ್ರಶ್ನೆಯನ್ನು ನೇರವಾಗಿ ಕೇಳಿ.

ಸಹಕಾರಿ ಸಂಘದಿಂದ ಕೊಳ್ಳುವವರು ಮಹಾಸಭೆಗೆ ಚಹಾ ತಿಂಡಿಗಾಗಿ ಮಾತ್ರ ಹೋಗಬಾರದು. ವರದಿ ಪುಸ್ತಕ ತೆರೆದು ಎರಡು ಅಂಕಿಗಳನ್ನು ಹುಡುಕಿ: ಒಂದು ವರ್ಷದೊಳಗೆ ಸಂಘ ಕೊಡಬೇಕಾದದ್ದು ಎಷ್ಟು, ಅದೇ ಅವಧಿಯಲ್ಲಿ ಕೈಗೆ ಬರುವಂಥದ್ದು ಎಷ್ಟು. ಕೊಡಬೇಕಾದದ್ದೇ ಹೆಚ್ಚಿದ್ದು, ಅದು ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದ್ದರೆ ಎದ್ದು ನಿಂತು ಕೇಳುವುದು ಸದಸ್ಯನ ಹಕ್ಕು.

ಹಣ ಕೊಡುವ ಕ್ರಮ

ಮುಂಗಡವೇ ಇಲ್ಲದೆ ವ್ಯವಹಾರ ನಡೆಯುವುದಿಲ್ಲ. ಆದ್ದರಿಂದ ಕಂತುಗಳಲ್ಲಿ ಕೊಡಿ. ಸಸಿಗೆ ಬುಕ್ ಮಾಡುವಾಗ ಹತ್ತರಲ್ಲಿ ಒಂದು ಪಾಲು, ಉಳಿದದ್ದು ಗಾಡಿಗೆ ತುಂಬುವಾಗ. ಹನಿ ನೀರಾವರಿಗೆ ಪೈಪು ಬಂದಾಗ ಒಂದು ಕಂತು, ಜೋಡಿಸಿ ಮುಗಿದಾಗ ಒಂದು, ಎಲ್ಲ ಸಾಲುಗಳಿಗೂ ನೀರು ಹರಿದದ್ದನ್ನು ನೋಡಿದ ಮೇಲೆ ಕೊನೆಯದು. ಹಣ ಅಂಗಡಿಯ ಹೆಸರಿನ ಖಾತೆಗೇ ಹೋಗಲಿ. ರಶೀದಿಯಲ್ಲಿ ಸರಕು, ಪ್ರಮಾಣ, ದರ, ಕೊಡುವ ದಿನಾಂಕ ನಾಲ್ಕೂ ಇರಲಿ. ಮುಖ್ಯವಾದ ಸರಕಿಗೆ ಎರಡನೆಯ ಅಂಗಡಿಯೊಂದು ಸದಾ ಪರಿಚಯದಲ್ಲಿರಲಿ.

ಒಮ್ಮೆ ನೋಡಿದರೆ ಮುಗಿಯಲಿಲ್ಲ. ಮನೆಯ ಲೆಕ್ಕದ ಪುಸ್ತಕದಲ್ಲಿ ಒಂದು ಪುಟ ಇಟ್ಟು, ಕೊಡುತ್ತೇನೆಂದ ದಿನ ಮತ್ತು ಕೊಟ್ಟ ದಿನ ಎರಡನ್ನೂ ಬರೆಯಿರಿ. ಕಳೆದ ವರ್ಷ ಎರಡು ದಿನ ತಡ, ಈ ವರ್ಷ ಹದಿನೈದು ದಿನ ತಡ ಎಂದಾದರೆ ಆ ಪುಟವೇ ಎಚ್ಚರಿಸುತ್ತದೆ.

ಮೋಸವಾದರೆ ರಶೀದಿಯೊಂದಿಗೆ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. 2019ರ ಕಾನೂನಿನಂತೆ ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಲು ಅವಕಾಶವಿದೆ. ಆದರೆ ದಿವಾಳಿಯಾದವರಿಂದ ತೀರ್ಪು ಬಂದ ಮೇಲೂ ಹಣ ಬರುವುದು ಕಷ್ಟ.

ಕೊನೆಯದಾಗಿ ಒಂದು ಮಾತು. ವಿಚಾರಿಸುವುದು ಬೇರೆ, ಗುಲ್ಲೆಬ್ಬಿಸುವುದು ಬೇರೆ. ಪೂಜೆ ಮುಗಿದು ಇಗರ್ಜಿಯ ಅಂಗಳದಲ್ಲಿ ನಿಂತು "ಅವರ ಅಂಗಡಿ ಮುಳುಗಿತಂತೆ" ಎಂದು ಆಡಿದ ಒಂದು ಮಾತು, ಚೇತರಿಸಿಕೊಳ್ಳಬಹುದಾಗಿದ್ದ ಕುಟುಂಬವನ್ನು ಬೀದಿಗೆ ತರಬಹುದು. ಕಂಡದ್ದನ್ನು ನಿಮ್ಮ ಪುಸ್ತಕದಲ್ಲಿ ಬರೆಯಿರಿ. ಸಂಶಯವನ್ನು ಅವರನ್ನೇ ಕೇಳಿ. ಗೋಪುರ ಕಟ್ಟಹೊರಟವನು ಮೊದಲು ಕುಳಿತು ಖರ್ಚು ಲೆಕ್ಕ ಹಾಕಬೇಕೆಂದು ಪ್ರಭು ಯೇಸು ಹೇಳಿದ್ದನ್ನು ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಓದುತ್ತೇವೆ. ಈ ಹಂಗಾಮಿನ ಮುಂಗಡ ಕೊಡುವ ಮುಂಚೆ ನಾವೂ ಒಂದು ಸಂಜೆ ಮನೆಯವರೆಲ್ಲ ಕುಳಿತು ಆ ಲೆಕ್ಕ ಹಾಕೋಣ.