ಮನೆಯ ರೂಟರ್ ಮತ್ತು ಮೀಡಿಯಾ ಸರ್ವರ್

ಭೀಮಸೇನ ಜೋಶಿಯವರು ತಮ್ಮ ಗುರುವಿನ ಸ್ಮರಣಾರ್ಥ 1953ರಲ್ಲಿ ಪುಣೆಯಲ್ಲಿ ಆರಂಭಿಸಿದ ಸವಾಯಿ ಗಂಧರ್ವ ಸಂಗೀತೋತ್ಸವ ಕನ್ನಡಿಗರಿಗೆ ಚಿರಪರಿಚಿತ. ಅಂತಹ ಗಾಯನದ ಹಳೆಯ ಧ್ವನಿಸುರುಳಿಗಳನ್ನು ಗಣಕಯಂತ್ರಕ್ಕೆ ಇಳಿಸಿ, ಅದನ್ನೇ ಮೀಡಿಯಾ ಸರ್ವರ್ ಆಗಿ ಬಳಸುವ ಮನೆಗಳಲ್ಲಿ ಕೆಲವೊಮ್ಮೆ ಟಿ.ವಿ.ಗೆ ಸರ್ವರ್ ಕಾಣಿಸುವುದೇ ಇಲ್ಲ. ಎಲ್ಲವನ್ನೂ ಅಳಿಸಿ ಮರುಸ್ಥಾಪಿಸಲು ಹೊರಟರೆ ಸಂಗ್ರಹವೇ ನಷ್ಟವಾದೀತು. ಮೊದಲು ರೂಟರನ್ನು ಪರೀಕ್ಷಿಸುವುದು ಲೇಸು.

ಡಿ.ಎಲ್.ಎನ್.ಎ. ಪದ್ಧತಿಯಲ್ಲಿ ಟಿ.ವಿ.ಯು 239.255.255.250 ಎಂಬ ಸಾಮೂಹಿಕ ವಿಳಾಸಕ್ಕೆ ಕರೆ ಕಳುಹಿಸಿ ಸರ್ವರನ್ನು ಹುಡುಕುತ್ತದೆ. ಈ ಕರೆ ಸಾಮಾನ್ಯವಾಗಿ ಒಂದೇ ಜಾಲದೊಳಗೆ ಸಂಚರಿಸುತ್ತದೆ. ಟಿ.ವಿ. ‘ಗೆಸ್ಟ್’ ವೈ-ಫೈಗೆ ಸೇರಿದ್ದರೆ, ಅಥವಾ ರೂಟರಿನಲ್ಲಿ ‘ಎ.ಪಿ. ಐಸೊಲೇಷನ್’ ಚಾಲನೆಯಲ್ಲಿದ್ದರೆ, ಕರೆಯು ಸರ್ವರನ್ನು ತಲುಪದಿರಬಹುದು. ಅಂತರಜಾಲ ಮಾತ್ರ ಎಂದಿನಂತೆ ದೊರೆಯುವುದರಿಂದ ರೂಟರಿನ ಮೇಲೆ ಯಾರಿಗೂ ಸಂಶಯ ಮೂಡುವುದಿಲ್ಲ. ಅಂತರಜಾಲ ಸಂಸ್ಥೆ ನೀಡಿದ ರೂಟರಿಗೆ ಮನೆಯವರು ಮತ್ತೊಂದನ್ನು ಜೋಡಿಸಿದಾಗಲೂ ಎರಡು ಪ್ರತ್ಯೇಕ ಜಾಲಗಳು ಉಂಟಾಗುತ್ತವೆ. ಎರಡನೆಯದನ್ನು ‘ಆಕ್ಸೆಸ್ ಪಾಯಿಂಟ್’ ಕ್ರಮಕ್ಕೆ ಬದಲಿಸತಕ್ಕದ್ದು.

ಸರ್ವರಿನ ವಿಳಾಸವನ್ನು ಟಿ.ವಿ.ಯಲ್ಲಿ ಕೈಯಾರೆ ನಮೂದಿಸಿದ್ದು, ಕೆಲವು ದಿನಗಳ ಬಳಿಕ ಸಂಪರ್ಕ ತಪ್ಪಿದರೆ, ರೂಟರ್ ಆ ವಿಳಾಸವನ್ನು ಬದಲಿಸಿರುವ ಸಂಭವವುಂಟು. ರೂಟರಿನಲ್ಲಿಯೇ ಸರ್ವರಿಗೆ ಒಂದು ವಿಳಾಸವನ್ನು ಕಾಯ್ದಿರಿಸಬಹುದು. ‘ಪೋರ್ಟ್ ಫಾರ್ವರ್ಡಿಂಗ್’ ಇದಕ್ಕೆ ಪರಿಹಾರವಲ್ಲ. ಅದರಿಂದ ಮನೆಯ ಟಿ.ವಿ.ಗೆ ಪ್ರಯೋಜನವಿಲ್ಲ, ಸರ್ವರ್ ಮಾತ್ರ ಹೊರಗಿನ ಅಪರಿಚಿತರಿಗೆ ತೆರೆದುಕೊಳ್ಳುತ್ತದೆ.