183 ಮಿಲಿಲೀಟರ್ ರಕ್ತದ ಲೆಕ್ಕ

ಟ್ರಕೋಮಾ ರೆಪ್ಪೆಯ ಒಳಪದರಕ್ಕೆ ತಗಲುವ ಬ್ಯಾಕ್ಟೀರಿಯಾ ಸೋಂಕು. ಮತ್ತೆ ಮತ್ತೆ ಮರುಕಳಿಸಿದರೆ ರೆಪ್ಪೆ ಒಳಕ್ಕೆ ಮಡಚಿ, ಕೂದಲು ಕಣ್ಣುಗುಡ್ಡೆಗೆ ತಿಕ್ಕಿ ದೃಷ್ಟಿ ಹೋಗುತ್ತದೆ. ಪಂಜಾಬ್, ರಾಜಸ್ಥಾನ, ಗುಜರಾತ್‌ಗಳಲ್ಲಿ ಒಂದು ಕಾಲಕ್ಕೆ ಅರ್ಧಕ್ಕೂ ಹೆಚ್ಚು ಜನರಿಗಿತ್ತು. 2017ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಮಕ್ಕಳಲ್ಲಿ ಸಕ್ರಿಯ ರೋಗ ಶೇ 0.7. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಶೇ 5. 2024ರ ಅಕ್ಟೋಬರ್‌ನಲ್ಲಿ ಸಂಸ್ಥೆ, ಭಾರತದಲ್ಲಿ ಟ್ರಕೋಮಾ ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿದಿಲ್ಲ ಎಂದು ಮಾನ್ಯ ಮಾಡಿತು.

ಇನ್ನು ರೋಗ ಮರಳದಂತೆ ಕಾಯುವ ಪ್ರಶ್ನೆ. ಸಮೀಕ್ಷೆಯ ಒಂದು ಘಟಕವೆಂದರೆ 1ರಿಂದ 2.5 ಲಕ್ಷ ಜನ. 2011ರ ಜನಗಣತಿಯಂತೆ ಬಂಟ್ವಾಳ ತಾಲೂಕಿನಲ್ಲಿ 3,95,380, ಬೆಳ್ತಂಗಡಿಯಲ್ಲಿ 2,66,599 ಮಂದಿ. ಒಟ್ಟು 6,61,979, ಕನಿಷ್ಠ 3 ಘಟಕ. ಈ ತಾಲೂಕುಗಳಲ್ಲಿ ರೋಗ ಹಬ್ಬಿದೆ ಎಂದಲ್ಲ. ಗೊತ್ತಿರುವ ಊರಿನ ಅಳತೆಯಲ್ಲಿ ಲೆಕ್ಕ ಬೇಗ ತಿಳಿಯುತ್ತದೆ, ಅಷ್ಟೇ.

ಒಂದು ಘಟಕಕ್ಕೆ ರೂಢಿಯ ಮಾದರಿ 1ರಿಂದ 9 ವರ್ಷದ 1,019 ಮಕ್ಕಳು. ರೆಪ್ಪೆ ಮಗುಚಿ ಗುಳ್ಳೆ ನೋಡುವುದು ಹಳೆಯ ಕ್ರಮ. ರೋಗ ಶೇ 50 ಇದ್ದಾಗ ನಿಜ ರೋಗಿಗಳು 510. ಪರೀಕ್ಷಕರು ಆರೋಗ್ಯವಂತರಲ್ಲಿ 100ಕ್ಕೆ 1 ತಪ್ಪಿದರೆ ಸುಳ್ಳು ರೋಗಿಗಳು 5. ರೋಗ ಶೇ 0.7ಕ್ಕೆ ಇಳಿದಾಗ ನಿಜ 7, ಸುಳ್ಳು 10. ತಪ್ಪು 100ಕ್ಕೆ 5 ಆದರೆ ವರದಿಯಲ್ಲಿ ಶೇ 5.7, ಮಿತಿಯ ಆಚೆ. ಬೇರೆ ಬ್ಯಾಕ್ಟೀರಿಯಾಗಳಿಂದಲೂ ಇಂಥ ಗುಳ್ಳೆ ಏಳುವುದರಿಂದ ಇದು ಬರಿಯ ಕಾಗದದ ಅನುಮಾನವಲ್ಲ.

ಹೊಸ ಕ್ರಮ ರಕ್ತ ಪರೀಕ್ಷೆ. ಪ್ರತಿಕಾಯ, ಅಂದರೆ ಸೋಂಕಿಗೆ ಉತ್ತರವಾಗಿ ದೇಹ ತಯಾರಿಸುವ ಪ್ರೋಟೀನು, ರಕ್ತದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಅಳೆಯುವುದು ಟ್ರಕೋಮಾ ಬ್ಯಾಕ್ಟೀರಿಯಾದ ಪಿಜಿಪಿ3 ಎಂಬ ಪ್ರೋಟೀನಿನ ವಿರುದ್ಧದ ಪ್ರತಿಕಾಯ. ವರ್ಷಕ್ಕೆ ಶೇ 1ರಷ್ಟು ಮಕ್ಕಳಿಗೆ ಹೊಸದಾಗಿ ಸೋಂಕು ತಗಲಿದರೆ 9ನೇ ವಯಸ್ಸಿಗೆ ಶೇ 8.6 ಮಕ್ಕಳಲ್ಲಿ, ಶೇ 2 ಆದರೆ ಶೇ 16.6 ಮಕ್ಕಳಲ್ಲಿ ಅದು ಸಿಗಬೇಕು. ವಯಸ್ಸಿನೊಂದಿಗೆ ಅಂಕಿ ಏರದಿದ್ದರೆ ಹರಡುವಿಕೆ ನಿಂತಿದೆ ಎಂದು ಓದಬಹುದು. ಹೆರಿಗೆಯಲ್ಲಿ ತಾಯಿಯಿಂದ ಬಂದ ಸೋಂಕೂ ಇದೇ ಪ್ರತಿಕಾಯ ತರುತ್ತದೆ. ಆದ್ದರಿಂದ ಒಂದು ಮಗುವಿನ ಫಲಿತಾಂಶಕ್ಕೆ ಬೆಲೆ ಕಡಿಮೆ, ಏರಿಕೆಯ ರೇಖೆಗೆ ಹೆಚ್ಚು.

ಬೆರಳು ಚುಚ್ಚಿ ತೆಗೆದ ರಕ್ತವನ್ನು ಸೋಸುಕಾಗದದ 6 ಎಸಳುಗಳಿಗೆ ತಲಾ 10 ಮೈಕ್ರೋಲೀಟರ್ ಹೀರಿಸಿ ಒಣಗಿಸುತ್ತಾರೆ. ಮೂರು ಘಟಕಗಳ 3,057 ಮಕ್ಕಳಿಂದ 183 ಮಿಲಿಲೀಟರ್. ಒಬ್ಬ ರಕ್ತದಾನಿ ಒಮ್ಮೆ ಕೊಡುವುದು ಸಾಮಾನ್ಯವಾಗಿ 350. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಔಷಧಿ: ಶೇ 5 ದಾಟಿತೆಂದು ತಪ್ಪಾಗಿ ಓದಿದರೆ ಕನಿಷ್ಠ ಒಂದು ಸುತ್ತು ಅಜಿತ್ರೊಮೈಸಿನ್ ಹಂಚಬೇಕು. ಶೇ 80 ಜನರನ್ನು ತಲುಪುವ ಗುರಿಗೆ ಈ ಎರಡೇ ತಾಲೂಕುಗಳಲ್ಲಿ 5.3 ಲಕ್ಷ ಡೋಸ್. ವಯಸ್ಕರಿಗೆ ಡೋಸ್ ಒಂದಕ್ಕೆ 1 ಗ್ರಾಂ.